ಪಲ್ಪರ್ ತೊಳೆಯದೆ ಸ್ವಿಚ್ ಆಫ್ ಮಾಡಬಾರದು

ಮೊನ್ನೆ ರಾತ್ರಿ ಮೂಡಿಗೆರೆಯ ನಮ್ಮ ಮನೆಯಲ್ಲಿ ಕರೆಂಟ್ ಹೋಯಿತು. ಮಳೆ ಹಿಡಿದರೆ ನಮ್ಮಲ್ಲಿ ಇದು ಮಾಮೂಲು. ಬ್ಯಾಟರಿ ಉಳಿಯಲಿ ಅಂತ ಕೋಡ್ ಎಡಿಟರ್ ಮುಚ್ಚಿದೆ. ಆದರೂ ಲ್ಯಾಪ್‌ಟಾಪ್ ಫ್ಯಾನ್ ಗುಂಯ್ ಅನ್ನುತ್ತಲೇ ಇತ್ತು.

ಟರ್ಮಿನಲ್‌ನಲ್ಲಿ ಪಿಎಸ್ ಕೊಟ್ಟು ನೋಡಿದೆ. ಓಡುತ್ತಿರುವ ಪ್ರೋಗ್ರಾಮ್‌ಗಳನ್ನು, ಅಂದರೆ ಪ್ರೋಸೆಸ್‌ಗಳನ್ನು, ಪಟ್ಟಿ ಮಾಡುವ ಕಮಾಂಡ್ ಅದು. ಎಡಿಟರ್ ಶುರು ಮಾಡಿದ್ದ 7 ಲ್ಯಾಂಗ್ವೇಜ್ ಸರ್ವರ್‌ಗಳು (ಕೋಡ್‌ನ ತಪ್ಪು ತೋರಿಸಲು, ಪದ ಪೂರ್ತಿ ಮಾಡಲು ಎಡಿಟರ್‌ಗೆ ನೆರವಾಗುವ ಪ್ರೋಗ್ರಾಮ್‌ಗಳು) ಇನ್ನೂ ಓಡುತ್ತಿದ್ದವು. ಮೂರು ದಿನ ಹಿಂದಿನವೂ ಇದ್ದವು. ಎಲ್ಲದರ ಪೇರೆಂಟ್ ಐಡಿ 1. ಅಂದರೆ ಹುಟ್ಟಿಸಿದ ಪ್ರೋಸೆಸ್ ಸತ್ತು, ಇವು ಅನಾಥವಾಗಿವೆ.

ನಿಜಕ್ಕೂ ಸಿಟ್ಟು ಬಂತು. ಯಾವ ಟೂಲ್ ಸಹಾಯಕ್ಕೆ ಪ್ರೋಸೆಸ್ ಕರೆಯುತ್ತದೋ, ಅದನ್ನು ನಿಲ್ಲಿಸುವ ಹೊಣೆಯೂ ಅದರದ್ದೇ ಅಲ್ವಾ? ಬಳಸುವವರು ಯಾಕೆ ಕಿಲ್ -9 ಕಮಾಂಡ್ ಹೊಡೆದು ಅವನ್ನು ಬಲವಂತವಾಗಿ ಸಾಯಿಸುತ್ತಾ ಕೂರಬೇಕು?

ಅಪ್ಪ ಪಲ್ಪರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ನಿಲ್ಲಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಮೊದಲು ಹಣ್ಣು ಹಾಕುವುದು ನಿಲ್ಲಿಸುತ್ತಾರೆ. ಒಳಗಿದ್ದದ್ದೆಲ್ಲ ಸಿಪ್ಪೆ ಬಿಟ್ಟು ಬರುವ ತನಕ ಕಾಯುತ್ತಾರೆ. ನೀರು ಬಿಟ್ಟು ತೊಳೆದು, ಆಮೇಲೆ ಸ್ವಿಚ್. ಒಳಗೆ ಸಿಕ್ಕಿಕೊಂಡ ಹಣ್ಣು ರಾತ್ರಿಯೆಲ್ಲ ಹುಳಿ ಬಂದರೆ ಮರುದಿನದ ಬೀಜವೂ ಕೆಡುತ್ತದೆ.

ಪ್ರೋಸೆಸ್‌ಗೆ 'ಮುಗಿಸಿ ಹೊರಡು' ಅಂತ ಹೇಳುವ ಸಿಗ್ನಲ್ ಸಿಗ್‌ಟರ್ಮ್ ಇರುವುದು ಇದಕ್ಕೇ. ಅದು ಬಂದಾಗ ಪ್ರೋಸೆಸ್ ಹೊಸ ಕೆಲಸ ತೆಗೆದುಕೊಳ್ಳಬಾರದು. ಕೈಯಲ್ಲಿರುವುದನ್ನು ಮುಗಿಸಿ, ಲಾಕ್ ಫೈಲ್ ('ಇದನ್ನು ನಾನು ಬಳಸುತ್ತಿದ್ದೇನೆ' ಅನ್ನುವ ಗುರುತಿನ ಫೈಲ್) ಅಳಿಸಿ ಹೊರಡಬೇಕು. ಕಿಲ್ -9 ಕಳಿಸುವ ಸಿಗ್‌ಕಿಲ್ ಬಂದರೆ ಆ ಅವಕಾಶವೇ ಇಲ್ಲ, ಯಾವ ಪ್ರೋಗ್ರಾಮೂ ಅದನ್ನು ತಡೆಯಲಾರದು. ಅರ್ಧ ಬರೆದ ಇಂಡೆಕ್ಸ್ ಹಾಗೇ ಬಿದ್ದಿರುತ್ತದೆ. ಪ್ರೋಗ್ರಾಮ್‌ಗಳನ್ನು ಕಂಟೇನರ್‌ಗಳಲ್ಲಿ ಓಡಿಸುವ ಡಾಕರ್ ಸಾಮಾನ್ಯವಾಗಿ 10 ಸೆಕೆಂಡ್, ಕುಬರ್ನೆಟಿಸ್ 30 ಸೆಕೆಂಡ್ ಕಾದು ಆಮೇಲಷ್ಟೇ ಸಿಗ್‌ಕಿಲ್ ಹೊಡೆಯುವುದು ಸುಮ್ನೆ ಅಲ್ಲ.

ನನ್ನ ಏಳು ಸರ್ವರ್‌ಗಳ ಕತೆ ಹುಡುಕಿದೆ. ಎಡಿಟರ್ ಮತ್ತು ಸರ್ವರ್ ಮಾತಾಡುವ ನಿಯಮವಾದ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್‌ನಲ್ಲಿ ಎಡಿಟರ್ ಮೊದಲು 'ಶಟ್‌ಡೌನ್' ಕೇಳಬೇಕು, ಉತ್ತರ ಬಂದ ಮೇಲೆ 'ಎಕ್ಸಿಟ್' ಹೇಳಬೇಕು. ನನ್ನ ಎಡಿಟರ್‌ನ ಪ್ಲಗಿನ್ ಎರಡನ್ನೂ ಬಿಟ್ಟು ನೇರ ಸಿಗ್‌ಟರ್ಮ್ ಕಳಿಸಿತ್ತು. ಅದೂ ಯಾರಿಗೆ? ಸರ್ವರ್ ಶುರು ಮಾಡುವ ಪುಟ್ಟ ಶೆಲ್ ಸ್ಕ್ರಿಪ್ಟ್‌ಗೆ. ಸ್ಕ್ರಿಪ್ಟ್ ಸತ್ತಿತು, ಅದರ ಹಿಂದಿದ್ದ ಸರ್ವರ್‌ಗೆ ಸುದ್ದಿಯೇ ಮುಟ್ಟಲಿಲ್ಲ. ಸ್ಕ್ರಿಪ್ಟ್‌ನ ಕೊನೆಯ ಸಾಲಿನ ಮುಂದೆ 'ಎಕ್ಸೆಕ್' ಅಂತ ಒಂದೇ ಪದ ಸೇರಿಸಿದೆ. ಈಗ ಶೆಲ್‌ನ ಜಾಗದಲ್ಲಿ ಸರ್ವರೇ ಕೂರುತ್ತದೆ, ಸಿಗ್ನಲ್ ನೇರ ಅದಕ್ಕೇ ಹೋಗುತ್ತದೆ.

ಎಡಿಟರ್ ಕ್ರ್ಯಾಶ್ ಆದರೆ ಹೇಳಿ ಕಳಿಸುವವರೇ ಇರುವುದಿಲ್ಲ. ಅದಕ್ಕೇ ಶುರುವಿನಲ್ಲೇ ಎಡಿಟರ್ ತನ್ನ ಪ್ರೋಸೆಸ್ ಐಡಿ ಕೊಡುತ್ತದೆ. ಅದು ಬದುಕಿಲ್ಲ ಅಂತ ಗೊತ್ತಾದರೆ ಸರ್ವರ್ ತಾನೇ ಹೊರಡಬೇಕು. ಎಡಿಟರ್‌ನ ಮಾತು ಬರುವ ದಾರಿಯಾದ ಸ್ಟ್ಯಾಂಡರ್ಡ್ ಇನ್‌ಪುಟ್ ಮುಚ್ಚಿದಾಗಲೂ ಅಷ್ಟೇ.

ಟೂಲ್ ಬರೆಯುವ ಗೆಳೆಯರೇ, ಇವತ್ತು ನಿಮ್ಮ ಟೂಲ್ ಮುಚ್ಚಿ ಒಮ್ಮೆ ಪಿಎಸ್ ಕೊಟ್ಟು ನೋಡಿ. ಏನು ಉಳಿದಿತ್ತು ಅಂತ ಕೆಳಗೆ ಬರೆಯಿರಿ.