ಅಡ್ಜಸ್ಟ್ ಮಾಡಿಕೊಳ್ಳಬೇಕಾದವರು ಯಾರು?

ನಿನ್ನೆ ಗೆಳೆಯರೊಬ್ಬರ ಶೂಟಿಂಗ್‌ಗೆ ಹೋಗಿದ್ದೆ. ಬೆಳಗ್ಗೆ ಆರಕ್ಕೇ ಮೇಕಪ್ ಹಾಕಿಸಿಕೊಂಡು ಕೂತ ಹುಡುಗಿ, ಸಂಜೆ ನಾಲ್ಕಕ್ಕೆ ಒಂದೂ ಶಾಟ್ ಇಲ್ಲದೆ ಮುಖ ತೊಳೆದುಕೊಂಡು ಹೊರಟಳು. ಆಫೀಸಿಗೆ ರಜೆ ಹಾಕಿ ಬಂದವಳು. ಕೈಯಲ್ಲಿದ್ದ ಡೈಲಾಗ್ ಹಾಳೆ ಮಡಿಸಿ ಮಡಿಸಿ ಮಡಿಕೆಯಲ್ಲೇ ಹರಿದಿತ್ತು. 'ಇವತ್ತು ಆಗಲ್ಲಮ್ಮ, ಸ್ವಲ್ಪ ಅಡ್ಜಸ್ಟ್ ಮಾಡ್ಕೋ, ನಮ್ದು ಸಣ್ಣ ಬಜೆಟ್ ಅಲ್ವಾ' ಅಂದರು ಡೈರೆಕ್ಟರ್. ನಾನು ಅಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ಈಗ ಹೇಳುತ್ತಿದ್ದೇನೆ.

ದುಡ್ಡಿಲ್ಲದೆ ಸಿನಿಮಾ ಮಾಡುವಾಗ ಹೊಂದಿಕೊಳ್ಳಲೇಬೇಕು, ಒಪ್ಪಿದೆ. ನಾನೂ ಹಾಗೇ ಮಾಡಿದವನು, ನಿಮಗೆಲ್ಲ ಗೊತ್ತು. ಆದರೆ ಹೊಂದಿಕೊಳ್ಳಬೇಕಾದ್ದು ಸ್ಕ್ರಿಪ್ಟು, ಶೆಡ್ಯೂಲು, ನಾವು. ಪುಕ್ಕಟೆ ಬಂದ ಕಲಾವಿದರಲ್ಲ.

ಹಾಲಿವುಡ್ ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಅವರ ಮೊದಲ ಚಿತ್ರ 'ಫಾಲೋಯಿಂಗ್' (1998) ಮಾಡಿದವರಿಗೆಲ್ಲ ಬೇರೆ ಕೆಲಸ ಇತ್ತು. ವಾರದ ರಜೆಯಲ್ಲಷ್ಟೇ ಶೂಟಿಂಗ್, ಸುಮಾರು ಒಂದು ವರ್ಷ. ಫಿಲ್ಮ್ ರೀಲು ಉಳಿಸಲು ನಾಟಕದ ಹಾಗೆ ಮೊದಲೇ ತಾಲೀಮು ಮಾಡಿ, ಒಂದೆರಡು ಟೇಕ್‌ಗೆ ಮುಗಿಸುತ್ತಿದ್ದರು. ಸತ್ಯಜಿತ್ ರಾಯ್ ಅವರ ಬಂಗಾಳಿ ಚಿತ್ರ 'ಪಥೇರ್ ಪಾಂಚಾಲಿ'ಯಲ್ಲಿ ಸೀನಿಗೆ ಬೇಕಾಗಿದ್ದ ಕಾಶ ಹುಲ್ಲಿನ ಹೂವನ್ನು ದನ ಮೇದು ಹೋದಾಗ ಮತ್ತೆ ಹೂ ಬರಲಿ ಅಂತ ಮುಂದಿನ ವರ್ಷದ ತನಕ ಕಾದರು ರಾಯ್. ಕಾದದ್ದು ಸಿನಿಮಾ.

'ಪ್ಲಾನ್ ಮಾಡೋಕೆ ನಮ್ಮ ಹತ್ರ ಜನ ಎಲ್ಲಿ?' ಅನ್ನುತ್ತಾರೆ. ಜನ ಯಾಕೆ ಬೇಕು? ಹಿಂದಿನ ರಾತ್ರಿ ಒಂದು ಗಂಟೆ ಕೂತರೆ ಸಾಕು. ಬೇಗ ಹೋಗಬೇಕಾದವರ ಕ್ಲೋಸಪ್ ಮೊದಲು ತೆಗೆಯಿರಿ. ಅವರು ಹೋದ ಮೇಲೆ ಎದುರಿನವರ ಶಾಟ್‌ಗೆ ಅಸಿಸ್ಟೆಂಟ್ ಡೈಲಾಗ್ ಓದಿಕೊಡಲಿ. ಆರು ಜನರ ಸೀನನ್ನು ಇಬ್ಬಿಬ್ಬರದಾಗಿ ಒಡೆದು ಬರೆಯಿರಿ. ಪ್ಯಾಕಪ್ ಮುಂಚೆ ಬಟ್ಟೆ, ಕೂದಲು, ಬಳೆ ಎಲ್ಲದರ ಫೋಟೋ ತೆಗೆದಿಡಿ. ಮೂರು ತಿಂಗಳು ಬಿಟ್ಟು ಬಂದರೂ ಕಂಟಿನ್ಯುಟಿ, ಅಂದರೆ ಒಂದು ಶಾಟ್‌ಗೂ ಇನ್ನೊಂದಕ್ಕೂ ಇರಬೇಕಾದ ಹೊಂದಿಕೆ, ಕೈ ಕೊಡುವುದಿಲ್ಲ.

ಇಷ್ಟು ಸಿಟ್ಟು ಯಾಕೆ ಅಂದರೆ, ನಾನೂ ಇದೇ ತಪ್ಪು ಮಾಡಿದ್ದೇನೆ. ಮೊದಲ ಕಿರುಚಿತ್ರದಲ್ಲಿ ಹಿರಿಯ ರಂಗ ಕಲಾವಿದರೊಬ್ಬರನ್ನು ಇಡೀ ದಿನ ಸುಮ್ನೆ ಕೂರಿಸಿ ಪ್ಯಾಕಪ್ ಅಂದೆ. ಅವರು ರೇಗಲಿಲ್ಲ. 'ಮುಂದಿನ ಸಲ ಮೊದಲೇ ಒಂದು ಫೋನ್ ಮಾಡಪ್ಪ' ಅಂದರು, ಅಷ್ಟೇ. ಮತ್ತೆ ಅವರನ್ನು ಕರೆಯಲು ನನಗೆ ಮುಖವಿರಲಿಲ್ಲ. ಆ ಪಾತ್ರವನ್ನೇ ಕಿತ್ತುಹಾಕಿದೆ. ಆ ಚಿತ್ರವನ್ನು ಇವತ್ತಿಗೂ ಪೂರ್ತಿ ನೋಡಲು ನನ್ನಿಂದ ಆಗುವುದಿಲ್ಲ.

ಗೆಳೆಯರೇ, ನೀವು ಇದನ್ನು ಓದುತ್ತೀರಿ ಅಂತ ಗೊತ್ತು. ಆ ಹುಡುಗಿಗೆ ಈಗಲೇ ಫೋನ್ ಮಾಡಿ. ಅವಳಿಗೆ ಯಾವತ್ತು ಬಿಡುವು ಅಂತ ಕೇಳಿ. ಆಮೇಲೆ ಶೆಡ್ಯೂಲ್ ಬರೆಯಿರಿ.