ಇರಲಾರದೆ ರ‍್ಯಾಮ್ ಬಿಟ್ಟುಕೊಂಡೆ

ನಮ್ಮನೆ ಕಂಪ್ಯೂಟರ್‌ಗೆ ಕಾಯಿಲೆ ಅಂತ ಏನೂ ಇರಲಿಲ್ಲ. ಸ್ವಲ್ಪ ನಿಧಾನ, ಅಷ್ಟೇ. ಸ್ವಿಚ್ ಒತ್ತಿ, ಹೋಗಿ ಸ್ನಾನ ಮಾಡಿ, ತಲೆ ಒರೆಸಿಕೊಂಡು ಬರುವ ಹೊತ್ತಿಗೆ ಆಗ ತಾನೇ ತೆರೆಯ ಮೇಲೆ ಒಂದೊಂದೇ ಐಕಾನ್ ಮೂಡುತ್ತಿರುತ್ತಿತ್ತು. ಯಾರಿಗೆ ಹೇಳಿದರೂ ಒಂದೇ ಮಾತು: "ರ‍್ಯಾಮ್ ಹಾಕ್ಸಿ, ಸರಿಹೋಗುತ್ತೆ." ಸುಸ್ತು ಅಂದವರಿಗೆಲ್ಲ ಜನ ಒಂದೇ ಟಾನಿಕ್ ಹೇಳ್ತಾರಲ್ಲ, ಹಾಗೆ. ಹೇಳಿದವರೂ ನಾಡಿ ಹಿಡಿದು ನೋಡಲಿಲ್ಲ, ಕೇಳಿದ ನಾನೂ ನೋಡಲಿಲ್ಲ.

ರ‍್ಯಾಮ್ ಅಂದರೆ ಕಂಪ್ಯೂಟರ್ ಕೆಲಸ ಮಾಡುವಾಗ ಬೇಕಾದ್ದನ್ನು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳುವ ಮೆಮೊರಿ ಪಟ್ಟಿ. ಒಳಗೆ 8 ಜಿಬಿ ಇತ್ತು. ಇನ್ನೊಂದು 8 ಜಿಬಿ ಸೇರಿಸಿ 16 ಮಾಡೋಣ ಅಂದುಕೊಂಡೆ. "ಗೊತ್ತಿರೋರ ಕೈಲಿ ಹಾಕಿಸಬಾರದಾ?" ಅಂದಳು ಹೆಂಡತಿ. "ಐದು ನಿಮಿಷದ ಕೆಲಸ ಕಣೇ" ಅಂದೆ. ಆಮೇಲೆ ಮೂರು ದಿನ ಆ ಮಾತನ್ನು ಅವಳು ಬೇರೆ ಬೇರೆ ರಾಗದಲ್ಲಿ ನನಗೇ ವಾಪಸ್ ಹೇಳುತ್ತಿದ್ದಳು.

ರ‍್ಯಾಮ್ ಕೊಳ್ಳುವ ಮೊದಲು ನಾನು ಕಮ್ಮಿ ಓದಿರಲಿಲ್ಲ. ಈ ಪಟ್ಟಿಗಳಲ್ಲೂ ತಲೆಮಾರುಗಳಿವೆ: ಡಿಡಿಆರ್3 ಪಟ್ಟಿಗೆ 240 ಪಿನ್, ಡಿಡಿಆರ್4ಕ್ಕೆ 288. ಡಿಡಿಆರ್5ಕ್ಕೂ 288, ಆದರೆ ಅಂಚಿನಲ್ಲಿರುವ ಕಚ್ಚು ಬೇರೆ ಜಾಗದಲ್ಲಿ, ಹಾಗಾಗಿ ಒಂದರ ಜಾಗದಲ್ಲಿ ಇನ್ನೊಂದು ಕೂರುವುದೇ ಇಲ್ಲ. ನಮ್ಮದು ಡಿಡಿಆರ್4 ಅಂತ ಎರಡೆರಡು ಸಲ ನೋಡಿಕೊಂಡೇ ತರಿಸಿದೆ. ಪೊಟ್ಟಣ ಬಿಚ್ಚಿದರೆ ಪಟ್ಟಿ ಗಿಡ್ಡ! ಡೆಸ್ಕ್‌ಟಾಪ್‌ನ ರ‍್ಯಾಮ್ 13 ಸೆಂಟಿಮೀಟರಿಗಿಂತ ತುಸು ಉದ್ದ ಇರುತ್ತದೆ. ನನ್ನ ಕೈಯಲ್ಲಿದ್ದದ್ದು 7 ಸೆಂಟಿಮೀಟರೂ ಇಲ್ಲ. ಲ್ಯಾಪ್‌ಟಾಪ್‌ನದು. ತಲೆಮಾರು ವಿಚಾರಿಸಿದವನು ಎತ್ತರ ವಿಚಾರಿಸಿರಲಿಲ್ಲ. ಮಗಳು ಅದನ್ನು ಅಂಗೈ ಮೇಲೆ ಇಟ್ಟುಕೊಂಡು "ಅಪ್ಪಾ, ಇದು ಮರಿನಾ? ಬೆಳೆಯುತ್ತಾ?" ಅಂದಳು.

ಅದನ್ನು ವಾಪಸ್ ಕಳಿಸಿ, ಸರಿಯಾದದ್ದು ಬಂದ ಮೇಲೆ ಪೆಟ್ಟಿಗೆ ಬಿಚ್ಚಿದೆ. ಒಳಗೆ ಧೂಳು ಕೂತಿರಲಿಲ್ಲ, ಸಂಸಾರ ಹೂಡಿತ್ತು. ಮೈಯಲ್ಲಿರುವ ಸ್ಥಿರ ವಿದ್ಯುತ್ತು ಚಿಪ್‌ಗೆ ಹೊಡೆಯಬಾರದು, ಮೊದಲು ಪೆಟ್ಟಿಗೆಯ ಲೋಹವನ್ನು ಮುಟ್ಟಬೇಕು ಅಂತ ಓದಿದ್ದೆನಲ್ಲ, ಮುಟ್ಟಿದೆ. ಎರಡು ನಿಮಿಷಕ್ಕೊಮ್ಮೆ ಮುಟ್ಟಿದೆ. ಹೆಂಡತಿ ಬಾಗಿಲಲ್ಲಿ ನಿಂತು "ಏನ್ರೀ, ಪೂಜೆ ಮಾಡ್ತಿದ್ದೀರಾ?" ಅಂತ ಕೇಳಿದಳು.

ಈ ರ‍್ಯಾಮ್ ಕೂರಿಸುವುದರ ಬಗ್ಗೆ ಒಂದು ವಿಷಯವನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಎಷ್ಟು ಒತ್ತಬೇಕು ಅನ್ನುವುದು. "ಹಗುರವಾಗಿ, ಆದರೆ ಗಟ್ಟಿಯಾಗಿ" ಅಂತಾರೆ. ಹಗುರವಾಗಿ ಒತ್ತಿದರೆ ಕೂರುವುದಿಲ್ಲ, ಗಟ್ಟಿಯಾಗಿ ಒತ್ತಿದರೆ ಮದರ್‌ಬೋರ್ಡೇ ಬಿಲ್ಲಿನ ಹಾಗೆ ಬಾಗುತ್ತದೆ, ಅದು ಬಾಗಿದ್ದು ನೋಡಿ ನಮ್ಮ ಎದೆ ಬಾಗುತ್ತದೆ. ಮೊದಲು ಉಲ್ಟಾ ಹಿಡಿದು ಒತ್ತಿದ್ದೆ, ಆ ಪುಣ್ಯಾತ್ಮ ಕಚ್ಚು ಒಳಗೆ ಬಿಟ್ಟುಕೊಳ್ಳಲಿಲ್ಲ. ತಿರುಗಿಸಿ ಒತ್ತಿದೆ. ಒಂದು ಕಡೆ "ಟಕ್" ಅಂತು. ಒಂದು ಟಕ್ ಬಂತಲ್ಲ, ಸಾಕು ಅಂದುಕೊಂಡೆ.

ಸಾಕಾಗಿರಲಿಲ್ಲ. ಸ್ವಿಚ್ ಒತ್ತಿದರೆ ಫ್ಯಾನ್ ಎಲ್ಲ ಜೋರಾಗಿ ತಿರುಗುತ್ತವೆ, ತೆರೆ ಮಾತ್ರ ಕಪ್ಪು. ಮದರ್‌ಬೋರ್ಡಿನ ಮೂಲೆಯಲ್ಲಿ ಒಂದು ಸಾಲು ಪುಟ್ಟ ದೀಪ ಇವೆ ಅಂತ ನನಗೆ ಗೊತ್ತಾಗಿದ್ದೇ ಆವತ್ತು. ಪ್ರೊಸೆಸರ್‌ಗೆ ಒಂದು, ಮೆಮೊರಿಗೆ ಒಂದು, ಗ್ರಾಫಿಕ್ಸ್‌ಗೆ ಒಂದು, ಬೂಟ್‌ಗೆ ಒಂದು. ಯಾವುದರಲ್ಲಿ ತೊಂದರೆಯೋ ಅದರ ದೀಪ ಆರುವುದಿಲ್ಲ. ಮೆಮೊರಿಯ ದೀಪ ನಂದಾದೀಪದ ಹಾಗೆ ಉರಿಯುತ್ತಾ ಕೂತಿತ್ತು.

ಕರೆಂಟ್ ತೆಗೆದು, ಪಟ್ಟಿ ಹೊರಗೆಳೆದೆ. ಚಿನ್ನದ ಬಣ್ಣದ ಪಿನ್‌ಗಳನ್ನು ರಬ್ಬರಿನಿಂದ ಉಜ್ಜಿದರೆ ಕೊಳೆ ಹೋಗುತ್ತದೆ ಅನ್ನುವುದು ಹಳೇ ಮನೆಮದ್ದು. ಮಗಳ ಪೆನ್ಸಿಲ್ ಡಬ್ಬಿಯಿಂದ ರಬ್ಬರು ಎತ್ತಿಕೊಂಡೆ. ಅದು ಗುಲಾಬಿ ಬಣ್ಣದ, ಘಮಘಮ ಅನ್ನುವ ರಬ್ಬರು, ಉಜ್ಜಿದಷ್ಟೂ ಪುಡಿ ಉದುರಿಸುವ ಜಾತಿಯದು. ಹೊಸ ಪಿನ್‌ಗೆ ಇಲ್ಲದ ಕೊಳೆ ತೆಗೆಯಲು ಹೋಗಿ ಇದ್ದಬದ್ದ ಪುಡಿಯನ್ನೆಲ್ಲ ಬಳಿದೆ. ಆಮೇಲೆ ಅದನ್ನು ಒರೆಸಿ, ಊದಿ, ಎರಡೂ ಹೆಬ್ಬೆರಳು ಎರಡು ತುದಿಗೆ ಇಟ್ಟು ಕಣ್ಣು ಮುಚ್ಚಿ ಒತ್ತಿದೆ. ಟಕ್. ಟಕ್. ದೀಪ ಆರಿತು.

ತೆರೆ ಇನ್ನೂ ಕಪ್ಪೇ.

ಇಲ್ಲಿ ನಾನು ಒಂದೂವರೆ ಗಂಟೆ ಕಳೆದೆ. ಆ ಒಂದೂವರೆ ಗಂಟೆಯನ್ನು ಜಾಸ್ತಿ ವಿವರಿಸುವ ಆಸೆ ನನಗಿಲ್ಲ. ರ‍್ಯಾಮ್ ತೆಗೆದೆ, ಹಾಕಿದೆ, ಹಳೆಯದೊಂದನ್ನೇ ಹಾಕಿದೆ, ಹೊಸದೊಂದನ್ನೇ ಹಾಕಿದೆ. ನಾಣ್ಯದಂಥ ಸಿಆರ್2032 ಬ್ಯಾಟರಿ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಹಾಕಿ, ಕಂಪ್ಯೂಟರನ್ನು ಎಬ್ಬಿಸುವ ಬಯೋಸ್‌ಗೆ ಎಲ್ಲ ಮರೆಸಿದೆ. ಕೊನೆಗೆ ಮಗಳು ಹಿಂದೆ ಬಗ್ಗಿ ನೋಡಿ, "ಅಪ್ಪಾ, ಟಿವಿ ವೈರ್ ಮುಂಚೆ ಕೆಳಗಡೆ ಇತ್ತಲ್ವಾ?" ಅಂದಳು. ಪೆಟ್ಟಿಗೆ ಬಿಚ್ಚುವಾಗ ಮಾನಿಟರ್ ಕೇಬಲ್ ಕಿತ್ತಿದ್ದೆ. ವಾಪಸ್ ಚುಚ್ಚುವಾಗ ಕೆಳಗಿನ ಗ್ರಾಫಿಕ್ಸ್ ಕಾರ್ಡ್ ಬಿಟ್ಟು ಮೇಲಿನ ಮದರ್‌ಬೋರ್ಡಿನ ತೂತಿಗೆ ಚುಚ್ಚಿದ್ದೆ. ಪಾಪ ಕಂಪ್ಯೂಟರ್ ಅಷ್ಟು ಹೊತ್ತೂ ಚಿತ್ರ ಕಳಿಸುತ್ತಲೇ ಇತ್ತು, ಆದರೆ ಬೇರೆ ಬಾಗಿಲಿನಿಂದ.

ಕೇಬಲ್ ಬದಲಿಸಿದೆ. ತೆರೆ ಬೆಳಗಿತು. ಬೂಟ್ ಮಾಡಲು ಡಿಸ್ಕೇ ಇಲ್ಲ ಅಂತ ಬರೆದಿತ್ತು.

ಇದೂ ನನ್ನ ಕೈವಾಡವೇ. ರ‍್ಯಾಮ್ ಒತ್ತುವಾಗ ಮೊಣಕೈ ತಗುಲಿ ಹಾರ್ಡ್ ಡಿಸ್ಕಿನ ಸಾಟಾ ಕೇಬಲ್ ಅರ್ಧ ಕಳಚಿಕೊಂಡಿತ್ತು. ಅದನ್ನು ಒತ್ತಿದ ಮೇಲೆ ವಿಂಡೋಸ್ ಬಂತು, 16 ಜಿಬಿ ಅಂತ ತೋರಿಸಿತು, ನಾನು ಮನೆಮಂದಿಯನ್ನೆಲ್ಲ ಕರೆದು ತೋರಿಸಿದೆ.

ಅಲ್ಲಿಗೆ ಮುಚ್ಚಳ ಹಾಕಿದ್ದರೆ ಚೆನ್ನಾಗಿರುತ್ತಿತ್ತು. ನಾನು ಮ್ಯಾನುಯಲ್ ತೆರೆದೆ. ಎಲ್ಲ ಮುಗಿದ ಮೇಲೆ ಮ್ಯಾನುಯಲ್ ಓದುವುದು ನನ್ನ ಹಳೇ ಚಾಳಿ. ನಾಲ್ಕು ಸ್ಲಾಟ್ ಇದ್ದರೆ, ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದಕ್ಕೆ ಹಾಕಬೇಕಂತೆ. ಆಗ ಮಾತ್ರ ಎರಡೂ ಬೇರೆ ಬೇರೆ ದಾರಿಯಲ್ಲಿ ಒಟ್ಟಿಗೆ ಓಡುತ್ತವೆ. ನಾನು ಒಂದು, ಎರಡಕ್ಕೆ ಹಾಕಿದ್ದೆ. ಇಬ್ಬರಿಗೂ ಒಂದೇ ದಾರಿ. ಸರಿ, ಮತ್ತೆ ಬಿಚ್ಚಿ ಜಾಗ ಬದಲಿಸಿದೆ. ಮೆಮೊರಿಯ ದೀಪ ಮತ್ತೆ ಹತ್ತಿತು. ಗಾಬರಿಯಾಗಿ ಆಫ್ ಮಾಡಿದೆ. ಮತ್ತೆ ಹಾಕಿದೆ, ಮತ್ತೆ ದೀಪ, ಮತ್ತೆ ಆಫ್. ರ‍್ಯಾಮ್ ಬದಲಾದಾಗ ಬೋರ್ಡು ಅದರ ಜತೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ತೆಗೆದುಕೊಳ್ಳಬಹುದು, ಅಷ್ಟು ಹೊತ್ತು ಸುಮ್ನೆ ಕೂರಬೇಕು ಅಂತಲೂ ಓದಿಕೊಂಡೆ, ಆಮೇಲೆ. ನಾನು ಒಬ್ಬರ ಪರಿಚಯ ಇನ್ನೊಬ್ಬರಿಗೆ ಮಾಡಿಸುತ್ತಾ, ಹೆಸರು ಹೇಳುವ ಮೊದಲೇ ಇಬ್ಬರನ್ನೂ ಮನೆಯಿಂದ ಆಚೆ ದಬ್ಬುತ್ತಿದ್ದೆ. ಅಂದ ಹಾಗೆ ಹೊಸದು 3200ರ ವೇಗದ್ದು, ಹಳೆಯದು 2400ರದ್ದು. ಜತೆಗೆ ಹಾಕಿದರೆ ಎರಡೂ 2400ರಲ್ಲೇ ನಡೆಯುತ್ತವೆ. ಎತ್ತಿನ ಜತೆ ಕುದುರೆ ಕಟ್ಟಿದರೆ ಕುದುರೆಯೇ ಎತ್ತಿನ ನಡಿಗೆ ಕಲಿಯುತ್ತದೆ.

ಇಷ್ಟೆಲ್ಲ ಎಳೆದಾಡಿದ ಮೇಲೆ ಪಟ್ಟಿಗೆ ಏನಾದರೂ ಪೆಟ್ಟಾಯಿತೇನೋ ಅನ್ನುವ ಅನುಮಾನ. ಪೆನ್‌ಡ್ರೈವ್‌ನಲ್ಲಿ ಮೆಮ್‌ಟೆಸ್ಟ್86 ಹಾಕಿ ರಾತ್ರಿಯೆಲ್ಲ ಪರೀಕ್ಷೆಗೆ ಬಿಟ್ಟೆ. ಅದು ಓಡುತ್ತಿರುವಾಗ ಪಕ್ಕದಲ್ಲಿ ಕೂತು ಫೋನಿನಲ್ಲಿ ರ‍್ಯಾಮ್ ಕಥೆ ಓದಿದೆ. ಸೊನ್ನೆ ಅಥವಾ ಒಂದು ಅನ್ನುವ ಒಂದೊಂದು ಬಿಟ್‌ಗೂ ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್. ಈ ಉಪಾಯಕ್ಕೆ ರಾಬರ್ಟ್ ಡೆನಾರ್ಡ್ ಅನ್ನುವವರು 1968ರಲ್ಲೇ ಪೇಟೆಂಟ್ ಪಡೆದಿದ್ದರು. ಆ ಕೆಪಾಸಿಟರ್ ಒಂದು ತೂತು ಕೊಡ, ತುಂಬಿದ ಚಾರ್ಜ್ ಸೋರುತ್ತಲೇ ಇರುತ್ತದೆ. ಅದಕ್ಕೇ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಒಮ್ಮೆ ಎಲ್ಲವನ್ನೂ ಓದಿ ಮತ್ತೆ ತುಂಬಬೇಕು. 8 ಜಿಬಿ ಅಂದರೆ ಸುಮಾರು 6,871 ಕೋಟಿ ಬಿಟ್. ಅಷ್ಟು ಕೋಟಿ ಕೊಡಗಳಿಗೆ ಸೆಕೆಂಡಿಗೆ ಹದಿನೈದು ಸಲ ನೀರು ತುಂಬಿಸುತ್ತಾ ಒಂದನ್ನೂ ಮರೆಯದ ವಸ್ತು ಅದು, ಒಂದು ಮಾನಿಟರ್ ಕೇಬಲ್ ಎಲ್ಲಿತ್ತು ಅಂತ ನೆನಪಿಟ್ಟುಕೊಳ್ಳಲಾಗದವನ ಕೈಗೆ ಸಿಕ್ಕಿತ್ತು.

ಬೆಳಗ್ಗೆ ನೋಡಿದರೆ ತಪ್ಪು ಸೊನ್ನೆ. ರ‍್ಯಾಮ್ ಗಟ್ಟಿಮುಟ್ಟಾಗಿತ್ತು. ಮುಚ್ಚಳ ಹಾಕಿ, ನಾಲ್ಕೂ ಸ್ಕ್ರೂ ಬಿಗಿದು, ಸ್ವಿಚ್ ಒತ್ತಿ, ಮೂವರೂ ಮುಂದೆ ಕೂತೆವು.

ಕೂತೇ ಇದ್ದೆವು.

"ರೀ, ನೀವು ಸ್ನಾನಕ್ಕೆ ಹೋಗಿ ಬನ್ನಿ" ಅಂತ ಹೇಳಿ ಹೆಂಡತಿ ಎದ್ದು ಒಳಗೆ ಹೋದಳು.

ಕೊನೆಗೂ ತೆರೆ ಬಂದಾಗ ಮಗಳು ಯಾವ ಭಾಗಕ್ಕೆ ಎಷ್ಟು ಕೆಲಸ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದಳು. ಮೂರು ದಿನದಲ್ಲಿ ನನಗೆ ಹೊಳೆಯದೇ ಇದ್ದ ಕೆಲಸ. "ಮೆಮೊರಿ 16ರಲ್ಲಿ 4 ಕೂಡ ದಾಟಿಲ್ಲಪ್ಪಾ. ಡಿಸ್ಕ್ ನೋಡು, 100 ಪರ್ಸೆಂಟ್." ನಮ್ಮದು ನಿಮಿಷಕ್ಕೆ 7,200 ಸುತ್ತು ತಿರುಗುವ ಹಳೇ ಹಾರ್ಡ್ ಡಿಸ್ಕು. ಅದರ ಸೂಜಿ ಬೇಕಾದ ಜಾಗ ಹುಡುಕಿ ಓದುವುದಕ್ಕೆ ಸೆಕೆಂಡಿನ ನೂರನೇ ಒಂದು ಪಾಲು ಬೇಕು. ರ‍್ಯಾಮ್‌ಗೆ ಹೆಚ್ಚುಕಮ್ಮಿ ಕೋಟಿಯಲ್ಲೊಂದು ಪಾಲು ಸಾಕು. ಡಿಸ್ಕು ತಂದುಕೊಡುವ ತನಕ ನನ್ನ 16 ಜಿಬಿ ಕೈಕಟ್ಟಿ ಕೂತಿರುತ್ತಿತ್ತು, ನಮ್ಮ ಹಾಗೇ.

"ಎಸ್‌ಎಸ್‌ಡಿ ಹಾಕಿದ್ರೆ ಆಗ್ತಿತ್ತು, ಅದರಲ್ಲಿ ತಿರುಗೋ ಡಿಸ್ಕೇ ಇರಲ್ಲ" ಅಂದಳು ಮಗಳು.

"ಅದೇನು ಮಹಾ, ಅದೂ ಐದು..." ಅಂದೆ.

"ಸ್ಕ್ರೂಡ್ರೈವರ್ ನನ್ನ ಹತ್ರ ಇದೆ" ಅಂತ ಒಳಗಿಂದ ದನಿ ಬಂತು.