ಕೆಂಪಿಯ ಚಿಕಿತ್ಸೆ

ನಮ್ಮ ಹಿತ್ತಲಿನಲ್ಲಿ ಐದು ಹೇಂಟೆ, ಒಂದು ಹುಂಜ. ಹೇಂಟೆಗಳು ಹಗುರ ಮೈಯ ನಾಟಿ. ಹುಂಜ ಮಾತ್ರ ಗಿರಿರಾಜ. ಬೆಂಗಳೂರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಈ ತಳಿಗೆ ಹೆಸರಿಗೆ ತಕ್ಕ ಗಾತ್ರ. ಒಂದು ಹುಂಜಕ್ಕೆ ಎಂಟು ಹತ್ತು ಹೇಂಟೆಗಳಾದರೂ ಇರಬೇಕೆಂದು ನನಗೆ ತಿಳಿಯುವ ಹೊತ್ತಿಗೆ, ಅದರ ಪಟ್ಟದರಸಿ ಕೆಂಪಿಯ ಬೆನ್ನು ಬೋಳಾಗಿತ್ತು. ಬೆನ್ನೇರಿದಾಗಲೆಲ್ಲ ಉಗುರು ಊರಿ ಗರಿ ಕಿತ್ತಿದ್ದಾನೆ, ಮಹರಾಯ. ಬೋಳಿನ ನಡುವೆ ಒಂದು ಗೀರು, ಗೀರಿನಲ್ಲಿ ಒಂದು ಹನಿ ರಕ್ತ. ಕೋಳಿಗಳಿಗೆ ಕೆಂಪು ಕಂಡರೆ ಕುಕ್ಕದೆ ಇರಲಾಗದು. ಉಳಿದ ನಾಲ್ಕೂ ಸರದಿಯ ಮೇಲೆ ಬಂದು ಕುಕ್ಕಿದವು.

ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದಲೇ ಹೇಳಿದರು: "ಮೊದಲು ಅದನ್ನು ಬೇರೆ ಇಡಪ್ಪ. ಉಪ್ಪುನೀರಿನಲ್ಲಿ ತೊಳೆದು ನೇರಳೆ ಔಷಧಿ ಹಚ್ಚು. ಹಿಡಿಯುವುದಾದರೆ ಕತ್ತಲಾದ ಮೇಲೆ ಹಿಡಿ, ಆಗ ಅವಕ್ಕೆ ಕಣ್ಣು ಕಾಣುವುದಿಲ್ಲ."

ನಾನು ಓದಿದವನು, ಹಗಲಿನಲ್ಲೇ ಹೋದೆ. ನುಗ್ಗೆಮರ, ಒಗೆಯುವ ಕಲ್ಲು, ನೀರಿನ ತೊಟ್ಟಿ ಎಂದು ಮೂರು ಪ್ರದಕ್ಷಿಣೆ ಮಾಡಿ, ಒಂದು ಚಪ್ಪಲಿ ಕಳೆದುಕೊಂಡು ಬಂದೆ. ರಾತ್ರಿ ಅದೇ ಕೆಂಪಿ ಮಲಗಿದ ಮಗುವಿನಂತೆ ಕೈಗೆ ಬಂತು. ಹೆಂಡತಿ ಟಾರ್ಚ್ ಹಿಡಿದಳು. ಕೋಳಿಯನ್ನು ಟವೆಲಿನಲ್ಲಿ ಸುತ್ತಿ ಕಂಕುಳಿಗೆ ಸಿಕ್ಕಿಸಿ, ಸೀಸೆಯ ಮುಚ್ಚಳವನ್ನು ಹಲ್ಲಿನಿಂದ ತೆಗೆದೆ. ಅಷ್ಟರಲ್ಲಿ ಟವೆಲಿನೊಳಗಿಂದ ಒಂದು ರೆಕ್ಕೆ ಹೊರಬಂತು. ಕೆಂಪಿಯ ಬೆನ್ನಿಗೆ ಬಿದ್ದದ್ದು ನಾಲ್ಕು ಹನಿ, ಮಿಕ್ಕಿದ್ದೆಲ್ಲ ನನಗೆ.

ಚುನಾವಣೆಯ ಅಳಿಸಲಾಗದ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲೇ. ಅದಾದರೂ ಒಂದು ಬೆರಳಿಗೆ ಮುಗಿಯುತ್ತದೆ. ಮರುದಿನ ಕಚೇರಿಯಲ್ಲಿ ನನ್ನ ಹತ್ತೂ ಬೆರಳು ನೋಡಿದ ಸಹೋದ್ಯೋಗಿ, "ಯಾವ ಪಕ್ಷಕ್ಕೆ ಸಾರ್, ಇಷ್ಟೊಂದು?" ಎಂದು ಕೇಳಿದರು.

ಔಷಧಿ ಕೆಲಸ ಮಾಡಿತೆನ್ನಿ. ನೇರಳೆಯಲ್ಲಿ ಕೆಂಪು ಮರೆಯಾಯಿತು, ಕುಕ್ಕುವುದೂ ನಿಂತಿತು. ಕೆಂಪಿಗೆ ಎರಡು ವಾರ ಮಂಕರಿಯೊಳಗೆ ಬಾಣಂತನ. ಗರಿಯೆಂದರೆ ಬಹುಪಾಲು ಪ್ರೋಟೀನು. ಹಾಗಾಗಿ ಅದು ಇಟ್ಟ ಮೊಟ್ಟೆಯನ್ನೇ ಬೇಯಿಸಿ ಅದಕ್ಕೇ ತಿನ್ನಿಸಿದೆವು. ಲಾಭನಷ್ಟದ ಲೆಕ್ಕ ಕೇಳಬೇಡಿ. ಬೆನ್ನಿನ ಮೇಲೆ ಸೂಜಿಯಂಥ ಎಳೆಗರಿಗಳು ಮೂಡಿದವು. ಅವುಗಳೊಳಗೆ ರಕ್ತ ಹರಿಯುತ್ತಿರುತ್ತದೆ, ಮುಟ್ಟಿದರೆ ನೋವು. ನಾನು ಮುಟ್ಟಿ ನೋಡಿದೆ. ನೋವಾದದ್ದು ನನ್ನ ಹೆಬ್ಬೆರಳಿಗೆ.

ಅಷ್ಟರಲ್ಲಿ ಕರಿ ಹೇಂಟೆಯ ಕತ್ತಿನಿಂದ ಗರಿ ಉದುರಲು ಶುರುವಾಯಿತು. ಈಗ ನಾನು ಅನುಭವಸ್ಥ. ಕತ್ತಲಾಗುವವರೆಗೆ ಕಾದು, ಹಿಡಿದು, ಕತ್ತಿನ ತುಂಬ ಬಳಿದೆ. ಬೆಳಿಗ್ಗೆ ಅಜ್ಜಿ ಬೇಲಿಯ ಬಳಿ ನಿಂತು ಬಹಳ ಹೊತ್ತು ನೋಡಿದರು.

"ಅದು ಗರಿ ಬದಲಾಯಿಸುತ್ತಿದೆಯಪ್ಪ, ವರ್ಷಕ್ಕೊಮ್ಮೆ ಇದ್ದದ್ದೇ. ಅದಕ್ಕೂ ಸುಣ್ಣಬಣ್ಣ ಮಾಡಿಸಿಬಿಟ್ಟೆಯಾ?"